ಹದ್ದಿನ ಹೆಬ್ಬೆರಳು

“ಏಳನೇ ಕ್ಲಾಸು ದಾಟೋಕಾಗದವನು ಕ್ರೇನ್ ಹತ್ತೋಕೆ ಬಂದಿದಾನೆ ನೋಡ್ರಪ್ಪಾ!”

ಸೋದರಮಾವ ಇದನ್ನು ಪಿಸುಗುಟ್ಟಲಿಲ್ಲ. ತರಬೇತಿ ಕೋಣೆಯ ಬೆಂಚಿನ ಮೇಲಿದ್ದ ಏಳು ಜನರಿಗೂ ಪರೀಕ್ಷೆ ನಡೆಸಲು ಕಂಪ್ಯೂಟರಿನ ಪಕ್ಕ ಕೂತಿದ್ದ ಮೇಡಮ್ಮಿಗೂ ಕೇಳಲೆಂದೇ ಗಂಟಲೆತ್ತಿ ಹೇಳಿದ. “ಇವನ ಕೈಗೆ ಲಿವರ್ ಕೊಡೋದಕ್ಕಿಂತ ನಾವೇ ಹೋಗಿ ಲೋಡ್ ಕೆಳಗೆ ಮಲಗೋದು ವಾಸಿ.”

ಬೆಂಚು ಗೊಳ್ಳೆಂದಿತು. ಬೆಳಗಿನಿಂದ ಒಬ್ಬರ ಹಿಂದೊಬ್ಬರು ಫೇಲಾಗಿ ಮುಖ ಒಣಗಿಸಿಕೊಂಡಿದ್ದವರಿಗೆ ನಗಲು ಒಂದು ನೆವ ಬೇಕಿತ್ತು. ಅಳಿಯ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದ.

ಮಾವನನ್ನು ಯಾರ್ಡಿನಲ್ಲಿ ಎಲ್ಲರೂ ಕರೆಯುವುದು ಹದ್ದು ಅಂತ. ಇಪ್ಪತ್ತಾರು ವರ್ಷ ಕ್ರೇನಿನ ತುದಿಯ ಕ್ಯಾಬಿನ್ನಿನಲ್ಲಿ ಕೂತು ಕೆಳಗಿನವರನ್ನು ಇರುವೆ ನೋಡಿದ ಹಾಗೆ ನೋಡಿದವನು. ಅಳಿಯ ಕೆಳಗೆ ನಿಂತು ಉಕ್ಕಿನ ತೊಲೆಗಳಿಗೆ ಸರಪಳಿ ಸುತ್ತಿ ಕೊಕ್ಕೆ ಸಿಕ್ಕಿಸುವವನು. ಅವನಿಗೆ ಕೊಕ್ಕೆ ಅಂತಲೇ ಹೆಸರು ಬಿದ್ದಿತ್ತು. ಕೆಲಸಕ್ಕೆ ಸೇರಿಸಿದ ದಿನವೇ ಮಾವ ಎಚ್ಚರಿಸಿದ್ದ: “ಇಲ್ಲಿ ಮಾವ ಗೀವ ಅಂದ್ಯೋ, ಹಲ್ಲು ಉದುರಿಸ್ತೀನಿ. ನನ್ನ ಮರ್ಯಾದೆ ತೆಗೀಬೇಡ.” ಆಮೇಲೆ ನಾಲ್ಕು ವರ್ಷ, ಬೇಸರವಾದಾಗಲೆಲ್ಲ, ಮಣಭಾರದ ಕೊಕ್ಕೆಯನ್ನು ಅವನ ತಲೆಯಿಂದ ಗೇಣು ದೂರಕ್ಕೆ ಸರ್ರನೆ ಇಳಿಸುವುದು, ಅವನು ಕುಕ್ಕರಿಸಿದರೆ ಹಾರನ್ ಹೊಡೆದು ನಗುವುದು.

ಈಗ ಹಳೇ ಕ್ರೇನು ಗುಜರಿಗೆ ಹೊರಟಿತ್ತು. ಹೊಸದು ಬರುತ್ತದೆ, ಅದರಲ್ಲಿ ಒಂದೇ ಸೀಟು. ಕಂಪ್ಯೂಟರ್ ಪರೀಕ್ಷೆ ಪಾಸಾದವರು ಮೇಲೆ, ಫೇಲಾದವರೆಲ್ಲ ಕೆಳಗೆ ಕೊಕ್ಕೆ ಹಾಕಬೇಕು. ಇಬ್ಬರು ಪಾಸಾದರೆ ಸೀಟು ಹಿರಿಯನಿಗೆ. ಅಂದರೆ ಮಾವ ಬೀಳದೆ ಅಳಿಯ ಏಳುವ ಹಾಗಿರಲಿಲ್ಲ.

ಬೆಳಿಗ್ಗೆ ಅತ್ತೆ ಊಟದ ಡಬ್ಬಿ ಕೈಗಿಡುತ್ತಾ ಅಂದಿದ್ದಳು: “ನಿಮ್ಮ ಮಾವನಿಗೆ ಕಂಪ್ಯೂಟರ್ ಅಂದ್ರೆ ಕೈ ನಡುಗುತ್ತೆ ಕಣೋ. ಬಾಯಲ್ಲಿ ಹೇಳ್ಕೊಳ್ಳಲ್ಲ. ನೀನೇ ಸ್ವಲ್ಪ ನೋಡ್ಕೋ.”

“ಹೂಂ ಅತ್ತೆ” ಅಂದಿದ್ದ.

“ಲಿವರ್ ಇರೋ ದೊಡ್ಡ ಯಂತ್ರ ಇನ್ನೂ ಬಂದಿಲ್ಲ, ಅಲ್ಲೀವರೆಗೂ ಇದೇ” ಎಂದು ಮೇಡಮ್ ಮೇಜಿನ ಮೇಲಿಟ್ಟಿದ್ದದ್ದು ಕರಿ ಬಣ್ಣದ ಗೇಮ್ ಕಂಟ್ರೋಲರ್. ವೈರಿನ ಬುಡಕ್ಕೆ ಟೇಪು ಸುತ್ತಿತ್ತು. ಎಡಗಡೆಯ ಪುಟ್ಟ ಕಡ್ಡಿ ತೊಲೆಯನ್ನು ಹಿಂದೆ ಮುಂದೆ ಒಯ್ಯುತ್ತದೆ, ಬಲಗಡೆಯದು ಮೇಲೆ ಕೆಳಗೆ. ಪರದೆಯ ಮೇಲಿನ ಹಳದಿ ಚೌಕದ ನೆತ್ತಿಗೆ ತೊಲೆ ತಂದು, ಎಡ ಹೆಬ್ಬೆರಳಿನಿಂದ ಬ್ರೇಕಿನ ಗುಂಡಿ ಒತ್ತಿ, ಆಮೇಲೆ ಇಳಿಸಬೇಕು. ಒಬ್ಬರಿಗೆ ಒಂದೇ ಅವಕಾಶ. ಪ್ರತಿ ಸಲವೂ ಮೇಡಮ್ ವೈರು ಕಿತ್ತು ಮತ್ತೆ ಚುಚ್ಚುತ್ತಿದ್ದಳು. ಆಗಲೇ ಪರೀಕ್ಷೆ ಹೊಸದಾಗಿ ಶುರುವಾಗುವುದು.

ಮಾವನಿಗಿಂತ ಮೊದಲು ಅಳಿಯನ ಸರದಿ ಬಂತು. ವೈರು ಚುಚ್ಚುವ ತನಕ ಅವನು ಕಂಟ್ರೋಲರನ್ನು ಮುಟ್ಟಲಿಲ್ಲ, ಕೈಕಟ್ಟಿ ಕೂತ. ಶಾಲೆಯ ಹಿಂದಿನ ಗೇಮ್ ಅಂಗಡಿಯಲ್ಲಿ ಅವನು ಕಲಿತ ಮೊದಲ ಪಾಠವೇ ಅದು: ವೈರು ಹಾಕುವ ಗಳಿಗೆಯಲ್ಲಿ ಕಡ್ಡಿ ಎಲ್ಲಿರುತ್ತದೋ, ಅದನ್ನೇ ನಡು ಅಂತ ಯಂತ್ರ ತಿಳಿದುಕೊಂಡು ಬಿಡುತ್ತದೆ. ಆಗ ಕಡ್ಡಿ ವಾಲಿತ್ತೋ, ಆಮೇಲೆ ಕೈಬಿಟ್ಟಾಗೆಲ್ಲ ತಾನಾಗಿಯೇ ಉಲ್ಟಾ ಓಡುತ್ತದೆ. ಎಲ್ಲ ಯಂತ್ರಗಳೂ ಹಾಗಲ್ಲ. ಇಂಥ ಅಗ್ಗದವು ಹಾಗೇ. ಆ ಅಂಗಡಿಯಿಂದಲೇ ಮಾವ ಅವನನ್ನು ಕಿವಿ ಹಿಂಡಿ ರಸ್ತೆಯುದ್ದಕ್ಕೂ ಎಳೆದು ತಂದದ್ದು, ಮಾರನೇ ದಿನವೇ ಶಾಲೆ ಬಿಡಿಸಿದ್ದು.

ತೊಲೆ ಎಲ್ಲೂ ತಾಗದೆ ಚೌಕದಲ್ಲಿ ಕೂತಿತು. “ಪಾಸ್” ಎಂದಳು ಮೇಡಮ್.

“ಹುಟ್ಟಿದಾಗಿನಿಂದ ಆಟ ಆಡ್ಕೊಂಡಿದ್ದವನಿಗೆ ಆಟ ಬರದೆ ಇರುತ್ತಾ? ಏಳೋ ಮೇಲೆ” ಎಂದು ಮಾವ ಕುರ್ಚಿಯನ್ನು ಎಳೆದುಕೊಂಡ.

ಮೇಡಮ್ ವೈರು ಕಿತ್ತು ಕಾಗದದಲ್ಲಿ ಏನೋ ಬರೆದುಕೊಂಡಳು. ಅಷ್ಟರಲ್ಲಿ ಮಾವ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು, ಎಡಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ತುಸು ಮುಂದಕ್ಕೆ ಒತ್ತಿಯಾಗಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ. ಹಳೇ ಕ್ರೇನಿನ ಲಿವರ್ ಸವೆದು ಹಿಂದಕ್ಕೆ ವಾಲುತ್ತಿತ್ತು. ಪವರ್ ಹಾಕುವ ಮುಂಚೆ ಮುಂದಕ್ಕೊತ್ತಿ ಹಿಡಿದರೇನೇ ನೆಟ್ಟಗಿರುತ್ತಿತ್ತು. ಒಮ್ಮೆ ಕ್ಯಾಬಿನ್ ಒರೆಸಲು ಹತ್ತಿದ್ದ ಅಳಿಯ ಅದನ್ನು ಮರೆತದ್ದಕ್ಕೆ ಮಾವ ಸ್ಪ್ಯಾನರಿನಿಂದ ಅವನ ಬೆರಳ ಗೆಣ್ಣಿಗೆ ಬಾರಿಸಿದ್ದ. ಆ ಗೆಣ್ಣು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ವೈರಿನ ತುದಿ ಕಂಪ್ಯೂಟರಿನ ಹತ್ತಿರ ಬಂತು. ಅಳಿಯನ ಬಾಯಿ ತೆರೆಯಿತು.

“ಏನೋ ಬಾಯಿ ಕಳ್ಕೊಂಡು ನಿಂತಿದೀಯಾ? ಸರಿ ಅತ್ಲಾಗೆ. ನಿನ್ನ ಹತ್ರ ಕಲಿಯೋ ಗತಿ ನನಗಿನ್ನೂ ಬಂದಿಲ್ಲ.”

ಬಾಯಿ ಮುಚ್ಚಿತು. ವೈರು ಟಕ್ಕೆಂದು ಕೂತಿತು.

ಹೆಬ್ಬೆರಳು ಸಡಿಲವಾದದ್ದೇ ತೊಲೆ ಹಿಂದಕ್ಕೆ ಓಡಿತು. ಮಾವ ಒತ್ತಿದ, ನಿಂತಿತು. ಸಡಿಲಿಸಿದ, ಮತ್ತೆ ಓಡಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದರು. ಮಾವ ಹತ್ತು ಎಣಿಸುವುದರೊಳಗೆ ಆ ಹುಚ್ಚನ್ನು ಪಳಗಿಸಿಬಿಟ್ಟ: ಹೆಬ್ಬೆರಳನ್ನು ಒತ್ತಿಯೇ ಇಟ್ಟು, ಕೂದಲೆಳೆಯಷ್ಟು ಸಡಿಲಿಸುತ್ತಾ ಬಿಗಿ ಮಾಡುತ್ತಾ ತೊಲೆಯನ್ನು ಕಂಬಗಳ ನಡುವೆ ದಾಟಿಸಿ ಚೌಕದ ನೆತ್ತಿಗೆ ತಂದು ನಿಲ್ಲಿಸಿದ. ನಗುತ್ತಿದ್ದ ಬೆಂಚು ಉಸಿರು ಬಿಗಿಹಿಡಿಯಿತು. ಅಳಿಯನಿಗೂ ಮೈ ಜುಮ್ಮೆಂದಿತು. ಏನು ಕೈಯಪ್ಪಾ ಇದು!

ಇನ್ನು ಉಳಿದದ್ದು ಬ್ರೇಕಿನ ಗುಂಡಿ. ಅದನ್ನು ಒತ್ತಬೇಕಾದದ್ದೂ ಅದೇ ಹೆಬ್ಬೆರಳು.

ಮಾವ ಬೆರಳೆತ್ತಿದ. ತೊಲೆ ಹಿಂದಕ್ಕೆ ನುಗ್ಗಿ, ಕೆಳಗೆ ಹಳದಿ ಹೆಲ್ಮೆಟ್ ಹಾಕಿ ನಿಂತಿದ್ದ ಬೊಂಬೆ ಮನುಷ್ಯನನ್ನು ಗೋಡೆಗೆ ಅಪ್ಪಳಿಸಿತು. ಪರದೆ ಕೆಂಪಾಯಿತು.

“ಹದ್ದು ಕೊಕ್ಕೆಯವನನ್ನ ಮುಗಿಸೇಬಿಡ್ತು!” ಎಂದಿತು ಬೆಂಚು.

“ಮೇಡಮ್, ಇದು ಕೆಟ್ಟಿದೆ. ತಾನಾಗೇ ಓಡುತ್ತೆ.”

ಮೇಡಮ್ ವೈರು ಕಿತ್ತಳು, ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಮತ್ತೆ ಚುಚ್ಚಿದಳು. ತೊಲೆ ಅಲುಗಲಿಲ್ಲ. ಕಡ್ಡಿ ಒತ್ತಿ ನೋಡಿದಳು, ಬಿಟ್ಟು ನೋಡಿದಳು. “ಸರಿಯಾಗೇ ಇದೆಯಲ್ಲ?”

ಮಾವ ತನ್ನ ಹೆಬ್ಬೆರಳನ್ನೇ ನೋಡಿದ. ಯಂತ್ರದ ಜೊತೆ ಆಯುಷ್ಯ ಕಳೆದವನು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. “ಹಾಕುವಾಗ ನಾನು ಒತ್ತಿ ಹಿಡಿದಿದ್ದೆ... ಅದಕ್ಕೇ. ಅದಕ್ಕೇ ಅಲ್ವೇನೋ?” ಎಂದು ಅಳಿಯನ ಕಡೆ ತಿರುಗಿದ. “ನೀನು ಮುಟ್ಟದೆ ಕೂತಿದ್ದೆ. ನಿನಗೆ ಗೊತ್ತಿತ್ತು.”

ಮೇಡಮ್ ಪೆನ್ನು ಎತ್ತಿ ಹಿಡಿದಳು. “ಹೌದೇನ್ರೀ? ಹಾಗೆ ಆಗುತ್ತಾ? ಆಗೋದೇ ಆದ್ರೆ ಇವರಿಗೆ ಇನ್ನೊಂದು ಅವಕಾಶ ಕೊಡ್ತೀನಿ.”

ಏಳು ಜೊತೆ ಕಣ್ಣು ಅಳಿಯನ ಮೇಲೆ. ಅವನು ಮಡಚದ ಗೆಣ್ಣನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡ. ಹೆಲ್ಮೆಟ್ ತಲೆಗಿಟ್ಟು ಪಟ್ಟಿ ಬಿಗಿದ.

“ಹೇಳೋ” ಎಂದ ಮಾವ. “ಅಳಿಯಾ, ನಿನ್ನ ಮಾವ ಕಣೋ ನಾನು. ಒಂದು ಮಾತು ಹೇಳು.”

ಅಳಿಯ ಬಾಗಿಲು ತಳ್ಳಿ ಮೆಟ್ಟಿಲಿಳಿದ. ಹಿಂದೆ “ಫೇಲ್” ಎಂದ ಮೇಡಮ್ಮಿನ ಧ್ವನಿ ಕೇಳಿತು. ತಿರುಗಲಿಲ್ಲ, ಯಾರ್ಡನ್ನು ಹಾದು ನೆಟ್ಟಗೆ ನಡೆದೇ ಹೋದ.