ಟವೆಲ್ಲಿನ ಕೆಳಗೆ ಎರಡು ಬೆರಳು

ಧಾರವಾಡದ ಆಸ್ಪತ್ರೆಯಿಂದ ಹೊರಬಿದ್ದ ಕುಮಾರಸ್ವಾಮಿಯ ಸ್ಕೂಟರಿನ ಹಿಂದೆ ಇಬ್ಬರು ಹತ್ತಿ ಕೂತರು. ಇಬ್ಬರೂ ಅವನದೇ ಅಂಗಿ ತೊಟ್ಟಿದ್ದರು. ಸ್ಕೂಟರಿಗೆ ಭಾರವೇ ಆಗಲಿಲ್ಲ. ಅವನ ರಕ್ತದಲ್ಲಿ ಎರಡು ವೈರಸ್ ಇವೆಯೆಂದು ಗುಪ್ತರೋಗ ವಿಭಾಗದ ಮಂದಾಕಿನಿ ಮೇಡಂ ಹೇಳಿದ ಗಳಿಗೆಯಿಂದ ಅವರು ಬೆನ್ನು ಹತ್ತಿದ್ದರು. ಒಂದು ಎಚ್‌ಐವಿ, ಇನ್ನೊಂದು ಕಾಮಣಿ, ಅಂದರೆ ಕಾಮಾಲೆ, ತರುವ ಹೆಪಟೈಟಿಸ್ ಬಿ.

ಹುಬ್ಬಳ್ಳಿಯ ಅಮರಗೋಳದ ದನದ ಪೇಟೆಯಲ್ಲಿ ಅವನು ಎತ್ತಿನ ದಲ್ಲಾಳಿ. ಗುರುತಿನವರು ಸಿಗಬಾರದೆಂದೇ ಹುಬ್ಬಳ್ಳಿ ಬಿಟ್ಟು ಧಾರವಾಡಕ್ಕೆ ಬಂದಿದ್ದ.

“ಎರಡೂ ಒಂದ ದಾರೀಲೆ ಬರೂವರಿ. ಒಮ್ಮೊಮ್ಮೆ ಜೋಡೀಲೇ ಬರ್ತಾವ,” ಎಂದಿದ್ದರು ಮಂದಾಕಿನಿ. “ಒಂದ ಗುಳಿಗಿ ಎರಡನ್ನೂ ಹಿಡದ ಇಡ್ತದ, ದಿನಾ ತಪ್ಪಸಬ್ಯಾಡ್ರಿ. ಆದ್ರ ನಿಮ್ಮ ಮನಿಯವರ ರಕ್ತ ಲಗೂನ ನೋಡಬೇಕು. ಅವರಿಗೆ ಕಾಮಣಿ ಹತ್ತಿರಲಿಲ್ಲಂದ್ರ ಲಸಿಕಿ ಹಾಕ್ತೇವಿ.”

“ಕಾಮಣಿ ಅಷ್ಟ ಹೇಳ್ತೇನ್ರಿ ಮೇಡಂ. ಇನ್ನೊಂದು ಬ್ಯಾಡ್ರಿ.”

“ಜೋಡೆತ್ತಿನ್ಯಾಗ ಒಂದನ್ನ ತೋರಿಸಿ ಮಾರ್ತೀರೇನ್ರಿ ನೀವು?”

ಅವನು ನಕ್ಕಿದ್ದ. ಹಾಗೆ ಮಾರಿದ್ದೂ ಉಂಟು.

ಮನೆಯ ದಾರಿ ಬಿಟ್ಟು ಸ್ಕೂಟರು ಕೆಲಗೇರಿ ಕೆರೆಯ ಕಡೆ ಹೊರಳಿತು. ಬಿಸಿಲಿಗೆ ನೀರು ತೂಕಡಿಸುತ್ತಿತ್ತು. ಹಿಂದಿನವರಿಬ್ಬರೂ ಇಳಿದು, ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮುಖ ತೊಳೆದರು. ಒಬ್ಬನ ಕಣ್ಣು ಅರಿಷಿಣದಂತಿತ್ತು. ಇನ್ನೊಬ್ಬನ ಮುಖದ ಜಾಗದಲ್ಲಿ ದೂರದ ಸಂತೆಗಳ ಲಾಡ್ಜು ದೀಪಗಳು ಒಂದೊಂದಾಗಿ ಹತ್ತಿ ಆರುತ್ತಿದ್ದವು. ಅರಿಷಿಣದ ಕಣ್ಣಿನವನನ್ನು ಮನೆಗೆ ಕರೆದೊಯ್ಯಬಹುದು, ಅವ್ವನಿಗೂ ತೋರಿಸಬಹುದು. ಇನ್ನೊಬ್ಬ ಇಲ್ಲೇ ಇರಲಿ ಎಂದುಕೊಂಡು ಕುಮಾರಸ್ವಾಮಿ ಸ್ಕೂಟರು ಹೊರಡಿಸಿದ. ಸತ್ತೂರು ಬರುವಷ್ಟರಲ್ಲಿ ಕನ್ನಡಿಯಲ್ಲಿ ಮತ್ತೆ ಇಬ್ಬರಿದ್ದರು.

ಪಡಸಾಲೆಯಲ್ಲಿ ಅವ್ವ ಶಿವಬಸವ್ವ ಟಿವಿ ಮುಂದೆ ಹೆಸರುಕಾಳು ಹಸನು ಮಾಡುತ್ತಿದ್ದಳು.

“ಮಾರಿ ಯಾಕೋ ಹಂಗ ಬಾಡೇತಿ?”

“ಕಾಮಣಿ ಅಂತಬೇ.”

“ಸಂತ್ಯಾಗಿನ ಮಿರ್ಚಿ ತಿನಬ್ಯಾಡ ಅಂತ ಬಡಕೊಂಡೆ, ಕೇಳಿದೇನು? ಮುರಿಗೆವ್ವ ಎಲಿ ಔಷಧ ಕೊಡ್ತಾಳ. ನಾಳೆ ಹೋಗೂಣು.”

ಎಷ್ಟು ಸಲೀಸು! ಕಾಮಣಿಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿ ಹೇಳಬಹುದಿತ್ತು.

ಹೆಂಡತಿ ಉಮಾಶ್ರೀ ನೀರು ತಂದು ಕೊಟ್ಟಳು. ಪಕ್ಕದಲ್ಲಿ ಕೂತು, ಅವನ ಹೆಗಲಿನ ಟವೆಲ್ ಎಳೆದು, ಅವನ ಕೈಯ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ತೂರಿಸಿದಳು.

ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಬಾಯಿ ಏನಾದರೂ ಹೇಳಲಿ, ಬೆರಳು ಸುಳ್ಳು ಹೇಳಬಾರದು. ದಲ್ಲಾಳಿ ಶಾಂತಯ್ಯನ ಮಗಳಾದ ಅವಳು ಈ ವಿದ್ಯೆಯನ್ನು ಅಪ್ಪನ ತೊಡೆಯ ಮೇಲೆ ಕಲಿತಿದ್ದಳು. ಮದುವೆಯ ಹೊಸತರಲ್ಲಿ ಇದೇ ಅವ್ವನ ಕಣ್ಣೆದುರು ಇಬ್ಬರೂ ಹೀಗೆ ಮಾತಾಡುತ್ತಿದ್ದರು. ಹೆಬ್ಬೆರಳು ಒತ್ತಿದರೆ ಚಹಾ, ಅಂಗೈ ಕೆರೆದರೆ ಮಾಳಿಗೆಗೆ ಬಾ. ಟವೆಲ್ಲು ಹಾಗೆ ಹೊದ್ದು ಯಾವ ಕಾಲವಾಗಿತ್ತೋ.

ಅವಳು ಅವನ ಒಂದು ಬೆರಳು ಹಿಡಿದಳು. ಕಾಮಣಿ. ಅವನು ತಲೆಯಾಡಿಸಿದ. ಅವಳು ಕೈ ಬಿಡಲಿಲ್ಲ. ಖರೇ ಬೆಲೆ ಬರುವ ತನಕ ಕೈ ಬಿಡಬ್ಯಾಡ ಎಂದು ಶಾಂತಯ್ಯ ಹೇಳಿಕೊಟ್ಟಿದ್ದ. ಅವಳ ಬೆರಳು ಪಕ್ಕದ ಬೆರಳಿನ ಹತ್ತಿರ ಬಂದು ನಿಂತಿತು. ಅವನು ಮುಷ್ಟಿ ಕಟ್ಟಿಬಿಟ್ಟರೆ ಮುಗಿಯುತ್ತಿತ್ತು. ಟವೆಲ್ಲಿನ ಕೆಳಗೆ ಕೆರೆಯ ನೀರಿನಂಥ ಬೆಚ್ಚನೆಯ ಕತ್ತಲೆ. ಅದರಲ್ಲಿ ಅವನ ಎರಡನೆಯ ಬೆರಳು ತಾನಾಗಿಯೇ ಬಿಚ್ಚಿಕೊಂಡಿತು.

“ಇನ್ನೊಂದು ಯಾವುದು?” ಎಂದು ತುಟಿಯಲ್ಲೇ ಕೇಳಿದಳು.

ಅವನು ಅವಳ ಕಿವಿಯಲ್ಲಿ ಹೇಳಿದ.

ಅವಳ ಕೈ ಹೊರಗೆ ಹೋಯಿತು. ಪೇಟೆಯಲ್ಲಿ ಹಾಗೆ ಕೈ ಎಳೆದುಕೊಂಡರೆ ವ್ಯಾಪಾರ ಮುರಿದಂತೆ.

“ಏನ ನಡಿಸೀರಿ ಇಬ್ಬರೂ?” ಎಂದಳು ಶಿವಬಸವ್ವ.

“ವ್ಯಾಪಾರರಿ ಅತ್ತಿ,” ಎನ್ನುತ್ತ ಉಮಾಶ್ರೀ ಒಳಗೆ ಹೋದಳು. ಟವೆಲ್ಲಿನ ಕೆಳಗೆ ಅವನ ಕೈ ಒಂದೇ ಉಳಿಯಿತು. ಟ್ರಂಕಿನ ಸದ್ದು ಕೇಳಿಸಿತು. ತವರಿಗೆ ಹೊರಟಳು ಎಂದುಕೊಂಡ.

ಅವಳು ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಳು. ಕೈಯಲ್ಲಿ ಆಧಾರ್ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲ.

“ನನ್ನ ರಕ್ತಾನೂ ನೋಡ್ತಾರೇನು?”

“ಕರಕೊಂಡ ಬಾ ಅಂದಾರ.”

“ಏಳ್ರಿ ಮತ್ತ. ದವಾಖಾನಿ ಮುಚ್ಚಿಗಿಚ್ಚಿಯಾರು.”

“ಉಮಾ...”

“ಯಾವ ಸಂತಿ, ಯಾವ ಲಾಡ್ಜು, ಈಗ ಕೇಳೂದಿಲ್ಲ. ಎಂದೂ ಕೇಳೂದಿಲ್ಲಂತ ತಿಳೀಬ್ಯಾಡ್ರಿ. ಮದಲ ರಕ್ತ.”

ಅವಳು ಹಿಂದೆ ಕೂತಳು. ಅವನ ಭುಜ ಮುಟ್ಟದೆ ಸೀಟಿನ ಕಬ್ಬಿಣ ಹಿಡಿದಳು. ಆ ಇಬ್ಬರಿಗೆ ಕೂರಲು ಜಾಗ ಉಳಿಯಲಿಲ್ಲ. ಜೋಡೆತ್ತಿನ ಹಾಗೆ ಹೆಜ್ಜೆ ಕೂಡಿಸಿ ಅವರು ಸ್ಕೂಟರಿನ ಹಿಂದೆ ನಡೆದು ಬಂದರು.

ರಾಯಾಪುರದ ಹತ್ತಿರ ಗುಂಡಿಯೊಂದು ಬಂತು. ಉಮಾಶ್ರೀಯ ಕೈ ಥಟ್ಟನೆ ಅವನ ಭುಜ ಹಿಡಿಯಿತು. ಗುಂಡಿ ದಾಟಿತು. ಕೈ ಮತ್ತೆ ಸೀಟಿನ ಕಬ್ಬಿಣಕ್ಕೆ ಹೋಯಿತು.

ಮುಂದಿನ ಗುಂಡಿ ಎಲ್ಲಿದೆಯೆಂದು ಕುಮಾರಸ್ವಾಮಿ ದಾರಿ ನೋಡುತ್ತ ಗಾಡಿ ಓಡಿಸಿದ.