ಬೆನ್ನಲ್ಲಿ ಸಿಕ್ಕಿದ ಅಕ್ಷತೆ

ನಾನು ಒಂದು ರೂಟರ್. ಅಂಗೈಗಿಂತ ತುಸು ದೊಡ್ಡ ಕಪ್ಪು ಡಬ್ಬಿ, ಬೆನ್ನಿಗೆ ಎರಡು ಕೋಡು, ಎದೆಯ ಮೇಲೆ ಸಾಲು ದೀಪ. ಹೊರಗಿನಿಂದ ಬರುವ ತೆಳ್ಳನೆಯ ವೈರಿನಿಂದ ಇಂಟರ್ನೆಟ್ ಪಡೆದು ಮನೆಯ ಫೋನುಗಳಿಗೆಲ್ಲ ಹಂಚುವುದು ನನ್ನ ಕೆಲಸ. ನನಗೆ ಬಾಯಿಲ್ಲ. ಹೇಳಬೇಕಾದ್ದನ್ನೆಲ್ಲ ದೀಪದಲ್ಲೇ ಹೇಳಬೇಕು. ಹಸಿರೆಂದರೆ ಸುಖ, ಕೆಂಪೆಂದರೆ ಕಷ್ಟ. ಎಲ್ಲಿ ಕಷ್ಟ, ಎಂಥ ಕಷ್ಟ ಎಂದು ಹೇಳುವ ಬಣ್ಣವನ್ನು ಮಾತ್ರ ಯಾರೂ ಕೊಡಲಿಲ್ಲ.

ಹುಟ್ಟಿದ್ದು ಕಿಟಕಿಗಳಿಲ್ಲದ ಒಂದು ಕಾರ್ಖಾನೆಯಲ್ಲಿ. ಸಾಲಿನ ಕೊನೆಯಲ್ಲಿ ಕುಳಿತ ಹೆಂಗಸೊಬ್ಬಳು ನಮ್ಮ ಬೆನ್ನಿನ ಕಿಂಡಿಗೆ ವೈರು ತುರುಕಿ ಪರೀಕ್ಷಿಸುತ್ತಿದ್ದಳು. ಟಕ್ ಎಂದು ಸದ್ದಾಗುವವರೆಗೆ ಒತ್ತುವಳು. ಹಸಿರು ಬಂದರೆ ಪೆಟ್ಟಿಗೆಗೆ, ಕೆಂಪಾದರೆ ಪಕ್ಕದ ಬುಟ್ಟಿಗೆ. ನನ್ನ ಸರದಿ ಬಂದಾಗ ಹಸಿರು ಬಂತು. ಆ ಟಕ್ ಎಂಬ ಸದ್ದು ನಾನು ಕೇಳಿದ ಮೊದಲ ಸದ್ದು. ಅದಾಗದಿದ್ದರೆ ನಾನಿದ್ದೂ ಇಲ್ಲದಂತೆ ಎಂಬುದು ಆಗ ಗೊತ್ತಿರಲಿಲ್ಲ.

ನನ್ನನ್ನು ತರಿಸಿಕೊಂಡವಳು ಧಾರವಾಡದ ಮಾಳಮಡ್ಡಿಯ ಕುಮುದಿನಿ. ಐವತ್ತರ ಹತ್ತಿರದ ಹೆಂಗಸು, ಕಸೂತಿ ಹಾಕುವವಳು. ಇಳಕಲ್ ಸೀರೆಯ ಮೇಲೆ ಅವಳು ಎತ್ತಿದ ಗೋಪುರ, ಆನೆ, ತುಳಸಿಕಟ್ಟೆಗಳ ಫೋಟೋ ನೋಡಿ ಪುಣೆಯ ಒಂದು ಮಹಿಳಾ ಸಂಘದವರು, ಫೋನಿನ ಮೂಲಕವೇ ಕಲಿಸುತ್ತೀರಾ ಎಂದು ಕೇಳಿದ್ದರು. ಮಾದರಿ ಪಾಠವೇನೋ ಶುರುವಾಯಿತು. ಆದರೆ ಆ ಮನೆಯ ಕಲ್ಲುಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ ಮಾತಿಗೆ ಸಾಕಾಗುತ್ತಿತ್ತು, ವಿಡಿಯೊಗೆ ಸಾಲುತ್ತಿರಲಿಲ್ಲ. ಸೂಜಿ ಅರ್ಧ ಬಟ್ಟೆಯಲ್ಲಿರುವಾಗಲೇ ಅವಳ ಕೈ ಪುಣೆಯವರ ಪರದೆಯ ಮೇಲೆ ಕಲ್ಲಾಗಿ ನಿಂತಿತು. ಸಂಘದವರು ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಅದೂ ಕೆಟ್ಟರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ನಯವಾಗಿಯೇ ಹೇಳಿದ್ದರು.

ಶನಿವಾರ ಕಂಪನಿಯವನು ಬಂದು ನನ್ನನ್ನು ನಡುಮನೆಯ ಕಪಾಟಿನ ಮೇಲೆ ಕೂರಿಸಿ ವೈರು ಜೋಡಿಸಿದ. ಟಕ್ ಎಂದಿತು, ಹಸಿರು ಬಂತು. ಕುಮುದಿನಿ ಕಿಟಕಿಯ ಬಳಿ ಮೇಜು ಎಳೆದುಕೊಂಡು, ಗಂಡನ ಫೋನಿಗೆ ವಿಡಿಯೊ ಕರೆ ಮಾಡಿ ತನ್ನ ಕೈಯನ್ನು ಅದರಲ್ಲಿ ನೋಡುತ್ತ ಸುಮ್ಮನೆ ನಾಲ್ಕು ಎಳೆ ಹಾಕಿದಳು. ಕೈ ಎಲ್ಲೂ ನಿಲ್ಲಲಿಲ್ಲ. ಆ ಸಂಜೆ ಅವಳು ಒಗ್ಗರಣೆ ಹಾಕುವಾಗ ಗುನುಗುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಕೆಟ್ಟದ್ದು ಭಾನುವಾರ. ಅವಳ ಅತ್ತೆ ಗೋದಾಬಾಯಿ ಸ್ನಾನ ಮುಗಿಸಿ ಬಂದವರು ನನ್ನನ್ನು ನೋಡಿ ನಿಂತರು. ಮಿಕ್ಸರ್ ಬಂದಾಗ, ಸ್ಕೂಟರ್ ಬಂದಾಗ, ಹೊಸ ಕುಕ್ಕರ್ ಬಂದಾಗ ಆ ಮನೆಯಲ್ಲಿ ಮೊದಲು ಆಗುತ್ತಿದ್ದದ್ದು ಪೂಜೆ.

"ಪೂಜಿ ಇಲ್ಲದ ಹೊಸಾ ಸಾಮಾನ ಹೆಂಗ ಹಚ್ಚಿದ್ರಿ? ಶ್ರೀಪಾದ, ಬಿಚ್ಚಿ ದೇವರ ಮುಂದ ತಂದಿಡು" ಎಂದು ಮಗನಿಗೆ ಹೇಳಿದರು.

ಚಾಲೂ ಆದದ್ದನ್ನು ಯಾಕೆ ಕೀಳಬೇಕು, ಇಲ್ಲೇ ಒಂದು ಬೊಟ್ಟು ಕುಂಕುಮ ಇಟ್ಟರೆ ಸಾಲದೇ ಎಂದು ಕುಮುದಿನಿ ಕೇಳಿದಳು. ಗೋದಾಬಾಯಿಗೆ ಅದು ಸೇರಲಿಲ್ಲ. ಪುಣೆಯವರಿಗೆ ಮುಖ ತೋರಿಸುವ ಅವಸರದಲ್ಲಿ ದೇವರಿಗೆ ಪುರುಸೊತ್ತಿಲ್ಲದಂತಾಯಿತು ಎಂದು ಗೊಣಗಿದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಶ್ರೀಪಾದರಾಯರು ಇಬ್ಬರ ನಡುವೆ ಬಾಯಿ ಹಾಕದೆ ವೈರು ಕಿತ್ತರು.

ದೇವರಮನೆಯಲ್ಲಿ ನಾನೂ ಗೋದಾಬಾಯಿಯೂ ಇಬ್ಬರೇ. ಹಿತ್ತಾಳೆ ತಟ್ಟೆಯಲ್ಲಿ ನನ್ನನ್ನಿಟ್ಟು ಅರಿಶಿನ ಕುಂಕುಮ ಹಚ್ಚಿದರು, ಕೋಡಿಗೆ ಮಲ್ಲಿಗೆ ಸಿಕ್ಕಿಸಿದರು. ಆಮೇಲೆ ಅಕ್ಷತೆ ಹಿಡಿದ ಮುಷ್ಟಿಯನ್ನು ಹಾಗೇ ಹಿಡಿದು, ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿದರು.

"ನನ್ನ ಕೈಯಾಗಿನ ಸೂಜಿ ಶ್ರೀಪಾದನ ಅಪ್ಪ ಕಸಗೊಂಡು ಒಲಿಗೆ ಹಾಕಿದ್ದರು. ಇಕಿ ಕೈಯಾಗಿಂದ ಯಾರೂ ಕಸಗೋಬಾರದು ನೋಡಪಾ. ನಾಳೆ ಇಕಿ ಪಾಠ ಛಂದ ಆಗಲಿ."

ಹೀಗೆ ಹೇಳಿ ಅಕ್ಷತೆ ಹಾಕಿದರು. ಮನಸಾರೆ ಹಾಕಿದರು, ಕೈತುಂಬ ಹಾಕಿದರು. ಅದರಲ್ಲೊಂದು ಕಾಳು ನನ್ನ ಬೆನ್ನಿನ ಕಿಂಡಿಯೊಳಗೆ ಹೋಗಿ ಕುಳಿತಿತು.

ಶ್ರೀಪಾದರಾಯರು ನನ್ನನ್ನು ತಂದು ಮತ್ತೆ ವೈರು ತುರುಕಿದರು. ಟಕ್ ಎನ್ನಲಿಲ್ಲ. ಅವರು "ಆತು" ಎಂದರು.

ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಕೆಂಪು ದೀಪ ಹಚ್ಚಿದೆ. ಆರಿಸಿ ಹಚ್ಚಿದೆ. ಫೋನುಗಳು ನನ್ನ ಹತ್ತಿರ ಬರುತ್ತಿದ್ದವು, ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಶ್ರೀಪಾದರಾಯರು ಸ್ವಿಚ್ ಆಫ್ ಮಾಡಿದರು, ಆನ್ ಮಾಡಿದರು. ಕೋಡುಗಳನ್ನು ಮೇಲೆ ಮಾಡಿದರು, ಅಡ್ಡ ಮಾಡಿದರು, ಒಂದನ್ನು ಅಡಿಗೆಮನೆಯತ್ತಲೂ ಇನ್ನೊಂದನ್ನು ಬೀದಿಯತ್ತಲೂ ತಿರುಗಿಸಿದರು. ವೈರು ಎಳೆದಷ್ಟು ದೂರ ನನ್ನನ್ನು ಹೊತ್ತು ಕಿಟಕಿಯ ಕಟ್ಟೆಯ ಮೇಲೆ, ಫ್ರಿಜ್ಜಿನ ಮೇಲೆ, ಕೊನೆಗೆ ಒಂದು ಸ್ಟೂಲಿನ ಮೇಲೆ ಇಟ್ಟರು. ಎಲ್ಲಿಟ್ಟರೂ ನಾನು ಕೆಂಪೇ. ತಪ್ಪು ಹೆಂಡತಿಯ ಫೋನಿನದು ಎಂದರು. ತಮ್ಮ ಫೋನೂ ಹಾಗೇ ಎಂದು ತಿಳಿದ ಮೇಲೆ ಹವಾಮಾನದ್ದು ಎಂದರು.

ಕುಮುದಿನಿ ಹಿಂದೆಯೇ ನಿಂತಿದ್ದಳು. ನಾನೊಮ್ಮೆ ನೋಡಲೇ ಎಂದು ಕೇಳಿದಾಗಲೆಲ್ಲ, ನಿನಗದು ತಿಳಿಯುವುದಿಲ್ಲ ಎಂಬ ಉತ್ತರ ಸಿದ್ಧವಿತ್ತು. ನಾನು ಕೆಳಗಿನಿಂದ ಅವಳ ಮುಖ ನೋಡುತ್ತಿದ್ದೆ. ಬಾಯಿ ಇರುವ ಅವಳ ಸ್ಥಿತಿ ನನಗಿಂತ ಏನೂ ಮೇಲಾಗಿರಲಿಲ್ಲ.

ಸಹಾಯವಾಣಿಗೆ ಫೋನು ಹೋಯಿತು. ಸಂಗೀತ ಕೇಳಿಸಿತು, ದಯವಿಟ್ಟು ನಿರೀಕ್ಷಿಸಿ ಎಂದಿತು, ಮತ್ತೆ ಅದೇ ಸಂಗೀತ. ಕೊನೆಗೆ ಬಂದ ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದಳು: ಹಿಂದಿನ ವೈರು ಪೂರ್ತಿ ಒಳಗೆ ಕೂತಿದೆಯೇ, ತೆಗೆದು ನೋಡುತ್ತೀರಾ?

"ನೋಡೂದೇನದ ಅದರಾಗ? ನಾನ ಹಚ್ಚೀನಿ, ಗಟ್ಟಿನ ಅದ" ಎಂದರು ರಾಯರು, ಕುರ್ಚಿಯಿಂದ ಏಳದೆ.

ಇದ್ದಷ್ಟೂ ಕೆಂಪು ಸೇರಿಸಿ ಮಿನುಗಿದೆ. ಏನು ಉಪಯೋಗ? ಮಂಗಳವಾರ ಜನ ಕಳಿಸುತ್ತೇವೆ ಎಂದು ಹುಡುಗಿ ಫೋನಿಟ್ಟಳು.

ಮಂಗಳವಾರ ಎಂಬ ಮಾತು ಕೇಳಿ ಕುಮುದಿನಿ ಬಾಗಿಲಿಗೆ ಹೋಗಿ ಬೀದಿಯಾಚೆ ನೋಡಿದಳು. ಎದುರು ಮನೆಯಲ್ಲಿ ಕೂತು ಪಾಠ ಮಾಡೋಣವೆಂದರೆ ಅವರು ಬೀಗ ಹಾಕಿ ಊರಿಗೆ ಹೋಗಿದ್ದರು. ರಾಯರು ಸಮಾಧಾನ ಹೇಳುವ ದನಿಯಲ್ಲೇ, "ಮುಂದಿನ ವಾರ ಮಾಡ್ತೀನಿ ಅಂತ ಹೇಳಿಬಿಡು. ನಿನ್ನ ಕಸೂತಿ ಎಲ್ಲಿ ಓಡಿ ಹೋಗ್ತದ?" ಎಂದರು. ಗೋದಾಬಾಯಿ ಒಳಗಿನಿಂದ, ದೇವರಿಗೆ ಒಪ್ಪಿಸಿದ ಸಾಮಾನು ಕೆಡುವುದುಂಟೇ, ನಿಮಗೇ ನಡೆಸಲು ಬರುವುದಿಲ್ಲ ಎಂದರು.

ಸೋಮವಾರ ಬೆಳಿಗ್ಗೆ ರಾಯರು ತರಕಾರಿಗೆ ಹೋದರು. ಕುಮುದಿನಿ ಮೇಜಿನ ಮುಂದೆ ಕುಳಿತು, ಪಾಠಕ್ಕೆಂದು ತೆಗೆದಿಟ್ಟಿದ್ದ ಬಟ್ಟೆಯನ್ನು ಮಡಚಿಡಲು ಹೊರಟಳು. ಗವಂತಿ ಹೊಲಿಗೆಯ ಬಟ್ಟೆ. ಅದರಲ್ಲಿ ಗಂಟು ಹಾಕುವಂತಿಲ್ಲ, ಮೇಲೂ ಕೆಳಗೂ ಒಂದೇ ರೂಪ ಕಾಣಬೇಕು. ಮಡಚುವ ಮುನ್ನ ರೂಢಿಯಂತೆ ಬಟ್ಟೆಯನ್ನು ಬೋರಲು ಮಾಡಿ ಬೆನ್ನು ನೋಡಿದಳು. ನೋಡುತ್ತ ಅವಳ ಕೈ ನಿಂತಿತು.

ಎದ್ದು ಬಂದು ನನ್ನನ್ನೂ ಬೋರಲು ಮಾಡಿದಳು.

ಆ ಮನೆಗೆ ಬಂದ ಮೇಲೆ ಒಬ್ಬರಾದರೂ ನನ್ನ ಬೆನ್ನು ನೋಡಿದ್ದು ಅದೇ ಮೊದಲು. ವೈರು ಮುಟ್ಟಿದಳು, ಅದು ಅಲುಗಿತು. ಎಳೆದಳು, ಬಂದುಬಿಟ್ಟಿತು. ಕಿಂಡಿಯನ್ನು ಬೆಳಕಿಗೆ ಹಿಡಿದಾಗ ಒಳಗೆ ಅರಿಶಿನದ ಬಣ್ಣ ಕಂಡಿತು. ನನ್ನ ಸ್ವಿಚ್ ಆರಿಸಿ, ಕಸೂತಿಯ ಮೊಂಡು ಸೂಜಿಯಿಂದ ಮೆಲ್ಲಗೆ ಮೀಟಿದಳು. ಕಾಳು ಅವಳ ಅಂಗೈಗೆ ಬಿತ್ತು. ಮತ್ತೆ ವೈರು ಒತ್ತಿದಳು.

ಟಕ್.

ಪಾಠ ಆಯಿತು. ಚೆನ್ನಾಗಿಯೇ ಆಯಿತು. ಗೋಪುರದ ಒಂದೊಂದು ಮೆಟ್ಟಿಲು ಏರುವಾಗಲೂ ಪುಣೆಯ ಹೆಂಗಸರು ಅವಳ ಬೆರಳು ನೋಡುತ್ತಿದ್ದರು. ಪ್ರತಿ ಸೋಮವಾರವೂ ಇರಲಿ ಎಂದು ಕೊನೆಯಲ್ಲಿ ಅವರು ಹೇಳಿದ ಮಾತು ನನ್ನ ಮೂಲಕವೇ ಬಂತು. ತರಕಾರಿ ಚೀಲ ಇಟ್ಟು ಹಸಿರು ದೀಪ ನೋಡಿದ ರಾಯರು, ನಿನ್ನೆ ತಾವು ಕೋಡು ತಿರುಗಿಸಿದ್ದು ಈಗ ಹಿಡಿಯಿತು ಎಂದರು. ಎಷ್ಟೋ ವರ್ಷ, ಬಂದವರ ಮುಂದೆಲ್ಲ ಅದನ್ನೇ ಹೇಳಿದರು.

ಊಟಕ್ಕೆ ಕುಳಿತ ಅತ್ತೆಯ ತಟ್ಟೆಯ ಪಕ್ಕದಲ್ಲಿ ಕುಮುದಿನಿ ಆ ಕಾಳನ್ನು ಇಟ್ಟಳು.

"ನಿಮ್ಮ ಅಕ್ಷತಿಕಾಳು ಒಳಗ ಸಿಕ್ಕೊಂಡಿತ್ತರಿ. ನನ್ನ ಪಾಠ ಆಗಬಾರದು ಅಂತ ಇದ್ದರ ಬಾಯಿಬಿಟ್ಟು ಹೇಳಬೇಕಿತ್ತು."

ಬೇಕೆಂದು ಮಾಡಿದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಎರಡು ದಿನದ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು. ಗೋದಾಬಾಯಿ ಕಾಳನ್ನು ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಸೂಜಿ ಒಲೆಗೆ ಬಿದ್ದ ಮಾತು ಅವರ ಗಂಟಲವರೆಗೆ ಬಂದಿತ್ತೇನೋ. ಅವರು ಎದ್ದು, ಕಾಳನ್ನು ತುಳಸಿಯ ಬುಡಕ್ಕೆ ಹಾಕಿ ಬಂದು, ಸಾರು ಬಡಿಸು ಎಂದರು. ಅಷ್ಟೇ.

ಅಂದಿನಿಂದ ಸೋಮವಾರ ಹನ್ನೊಂದಾಗುತ್ತಲೇ ಗೋದಾಬಾಯಿಯ ಕೋಣೆಯ ಟಿವಿ ತಾನಾಗಿ ಸುಮ್ಮನಾಗುತ್ತಿತ್ತು. ಸೊಸೆ ಅದನ್ನು ಗಮನಿಸಿದಳೋ ಇಲ್ಲವೋ. ಅತ್ತೆಯ ಹಟ, ಸೊಸೆಯ ಬಿಗುಮಾನ ಹಾಗೇ ಮುಂದುವರಿದವು. ನಾನು ಯಾರ್‍ಯಾರದೋ ಮಾತನ್ನು ಎಲ್ಲೆಲ್ಲಿಗೋ ಒಯ್ದೆ. ಮದುವೆಯ ಕರೆ, ಸಾವಿನ ಸುದ್ದಿ, ಒಗ್ಗರಣೆಯ ಅಳತೆ. ಒಂದೇ ಮನೆಯಲ್ಲಿ, ದೇವರಮನೆಯಿಂದ ಅಡಿಗೆಮನೆಗೆ, ಒಂದು ಮಾತು ಒಯ್ಯಲು ಮಾತ್ರ ನನ್ನಿಂದಾಗಲಿಲ್ಲ. ಗೋದಾಬಾಯಿ ತೀರಿಕೊಂಡ ದಿನವೂ ನಾನು ಹಸಿರು ದೀಪ ಹಚ್ಚಿಕೊಂಡೇ ಕುಳಿತಿದ್ದೆ.

ಈಗ ನನಗೆ ವಯಸ್ಸಾಯಿತು. ಬೇಗ ಬಿಸಿಯಾಗುತ್ತೇನೆ, ನಡುನಡುವೆ ಮರೆಯುತ್ತೇನೆ. ಹೋದ ವಾರ ಹೊಸದೊಂದು ಬಂತು, ಬಿಳಿಯದು, ನಾಲ್ಕು ಕೋಡಿನದು. ಕುಮುದಿನಿ ನನ್ನನ್ನು ಒರೆಸಿ, ಹಳೆಯ ದಾರದುಂಡೆಗಳ ಪಕ್ಕ, ಬಾಗಿಲಿಲ್ಲದ ಗೂಡಿನಲ್ಲಿ ಇಟ್ಟಳು. ಅಲ್ಲಿಂದ ದೇವರಮನೆ ಕಾಣುತ್ತದೆ.

ಹೊಸದನ್ನು ಜೋಡಿಸಲು ರಾಯರು ವೈರು ಹಿಡಿದು ಬಂದಾಗ ಅವಳು ತಡೆದಳು. ಇನ್ನೂ ಪೂಜೆ ಆಗಿಲ್ಲ ಎಂದಳು. ಅದೇ ಹಿತ್ತಾಳೆ ತಟ್ಟೆಯಲ್ಲಿ ಅದನ್ನಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಒಂದು ಅಂಗೈಯಿಂದ ಅದರ ಬೆನ್ನಿನ ಕಿಂಡಿಗಳನ್ನೆಲ್ಲ ಮುಚ್ಚಿ, ಇನ್ನೊಂದು ಕೈಯಲ್ಲಿ ಅಕ್ಷತೆ ಹಿಡಿದಳು. ಹಾಕುವ ಮುನ್ನ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬಗ್ಗಿದಳು. ತುಟಿಗಳು ಅಲುಗಿದವು.

ಏನೆಂದಳೋ ನನಗೆ ಕೇಳಿಸಲಿಲ್ಲ. ಆ ಹೊಸದಕ್ಕೆ ಕೇಳಿಸಿರಬೇಕು.