ಎರಡು ಪಟ್ಟಿ

"ಚಡ್ಡಿ ಮೇಲಕ್ಕೆತ್ತೋ ಬೋಳಿಮಗ್ನೆ. ಕಾಲು ತೋರ್ಸು."

ಹಾರ್ಗ್ರೀವ್ಸ್ ಸಾಹೇಬ ಬೆತ್ತದ ತುದಿಯನ್ನು ವಿಲ್ಫನ ಮಂಡಿಗೆ ಒತ್ತಿದ. ವಿಲ್ಫ್ ಬೆಂಚಿನ ಅಂಚು ಹಿಡಿದು ಹಲ್ಲು ಕಚ್ಚಿದ. ಈ ಸಾಹೇಬ ನಮ್ಮ ಕಾಲ್ಡರ್‌ಶಾ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ಊರಲ್ಲಿ ಅವನವು ಮೂರು ಮಾಂಸದಂಗಡಿ. ಸೋಮವಾರ ಸಂತೆಯಲ್ಲಿ ಹೋರಿಯ ತೊಡೆ ಹಿಂಡಿ ನೋಡುವ ಕೈಯಲ್ಲೇ ಶನಿವಾರ ಆಟಕ್ಕೆ ಮುಂಚೆ ಆಟಗಾರರಾದ ನಮ್ಮ ತೊಡೆ ಹಿಂಡುತ್ತಿದ್ದ. ಹೋರಿಗಾದರೂ ಒದೆಯುವ ಸ್ವಾತಂತ್ರ್ಯವಿತ್ತು.

"ನಿನ್ನ ಕೊಳ್ಳೋಕೆ ಲಂಡನ್ ಕ್ಲಬ್ಬಿಂದ ಇಬ್ರು ಬಂದವ್ರೆ. ಕುಂಟಿದ್ಯೋ, ಚರ್ಮ ಸುಲೀತೀನಿ."

"ಆಪರೇಷನ್ ಆಗ್ಬೇಕು ಅಂದ್ರು ಡಾಕ್ಟ್ರು, ಸಾಹೇಬ್ರೆ. ಇನ್ನೊಂದು ಆಟ ಆಡಿದ್ರೆ ಮಂಡಿ ಮಡಚೋದೇ ಇಲ್ವಂತೆ. ಆಮೇಲೆ ವಾಪಸ್ ಗಣಿಗೂ ಇಳಿಯೋಕಾಗಲ್ಲ."

"ಮಂಡಿ ನಿಂದು ಅಂತ ಯಾವನ್ಲೇ ಅಂದೋನು? ಆಡಲ್ಲ ಅನ್ನು ನೋಡನ. ಕ್ಲಬ್ಬಿನ ಮನೆಯಿಂದ ನಿನ್ನ ಬಸುರಿ ಹೆಂಡ್ತಿ ಪಾತ್ರೆ-ಪಡಗ ಇವತ್ತೇ ಬೀದೀಲಿರ್ತವೆ. ಬೇರೆ ಕ್ಲಬ್ಬಿಗೂ ಬಿಡಲ್ಲ, ಸಂಬಳಾನೂ ಕೊಡಲ್ಲ. ಕಟ್ಟಿಹಾಕಿ ಒಣಗಿಸ್ತೀನಿ."

ಬರೀ ಬಾಯಿಮಾತಲ್ಲ ಅದು. ಒಮ್ಮೆ ರುಜು ಹಾಕಿದವನು ಕ್ಲಬ್ಬಿನ ಸೊತ್ತು. ಪ್ರತಿ ಮೇ ತಿಂಗಳು ಬಾಗಿಲಿಗೆ 'ಉಳಿಸಿಕೊಂಡವರ ಪಟ್ಟಿ' ಅಂಟಿಸುತ್ತಿದ್ದರು. ಅದರಲ್ಲಿ ಹೆಸರಿದ್ದವನು ಕ್ಲಬ್ಬೇ ಬಿಟ್ಟುಕೊಡುವವರೆಗೆ ಬೇರೆಲ್ಲೂ ಚೆಂಡು ಮುಟ್ಟುವಂತಿರಲಿಲ್ಲ, ಇಲ್ಲಿ ಅನ್ನ ಹುಟ್ಟದಿದ್ದರೂ.

ಕ್ಲಬ್ಬಿನ ಡಾಕ್ಟರು ಬಂದು ಮಂಡಿಗೆ ನೋವು ಮರೆಸುವ ಸೂಜಿ ಚುಚ್ಚಿದರು. ಬಿಳಿ ಪಟ್ಟಿ ಕಟ್ಟಿದರೆ ಗಿರಾಕಿಗಳ ಕಣ್ಣಿಗೆ ಬಿದ್ದೀತಲ್ಲ? ಸಾಹೇಬ, ಅವತ್ತಿನ ಹನ್ನೊಂದರಲ್ಲಿ ಜಾಗ ಸಿಗದೆ ಕೂತಿದ್ದ ನನ್ನ ಕಡೆ ತಿರುಗಿದ. "ಕ್ಲೆಮ್, ಗಟ್ಟಿ ಚಾ ಕಾಸು. ಪಟ್ಟೀನ ಅದ್ರಲ್ಲಿ ಅದ್ದು. ಚರ್ಮದ ಬಣ್ಣ ಬರ್ಲಿ."

ಕಾಸಿದೆ. ಅದ್ದಿದೆ. ಹಿಂಡಿ ನಾನೇ ಕಟ್ಟಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನನ್ನದೂ ಕ್ಲಬ್ಬಿನ ಮನೆಯೇ.

"ಹಾಲು ಹಾಕ್ಲಿಲ್ವೇನೋ ಪಾಪಿ?" ಎಂದು ವಿಲ್ಫ್ ನಕ್ಕ. ಅವನ ತುಟಿ ಬೆಳ್ಳಗಾಗಿತ್ತು.

ಅರ್ಧ ಗಂಟೆ ಸೂಜಿ ಕೆಲಸ ಮಾಡಿತು. ವಿಲ್ಫ್ ಒಂದು ಗೋಲನ್ನೂ ಹೊಡೆದ. ಮೇಲೆ ಗ್ಯಾಲರಿಯಲ್ಲಿ ಸಾಹೇಬ ಲಂಡನ್ನಿನ ಇಬ್ಬರು ಟೋಪಿಯವರಿಗೆ ಚುಟ್ಟಾ ಹಚ್ಚಿಕೊಡುತ್ತಿದ್ದ. ಅಷ್ಟರಲ್ಲಿ ಎದುರಾಳಿಯೊಬ್ಬ ಅದೇ ಮಂಡಿಗೆ ಬೂಟು ಬೀಸಿದ. ಒಳಗೇನೋ ಲಟಕ್ಕೆಂದದ್ದು ನನಗೂ ಕೇಳಿಸಿತು.

ಕಾಲು ತಿಕ್ಕುವ ಮುದುಕ ಸೆಪ್ ತಣ್ಣೀರಿನ ಸ್ಪಂಜು ಹಿಡಿದು ಓಡಿಬಂದ. "ಏಳಪ್ಪಾ, ನಿನ್ನ ದಮ್ಮಯ್ಯ. ಅವ್ರು ನೋಡ್ತಾವ್ರೆ."

"ನೋಡ್ಲಿ ಬಿಡಣ್ಣ."

ವಿಲ್ಫ್ ಎದ್ದ. ಕಾಲೆಳೆಯುತ್ತ ಆಟದ ಕಡೆಗಲ್ಲ, ಸಾಹೇಬರು ಕೂತ ಕಡೆಗೇ ಹೋದ. ಕಟಕಟೆಯ ಕೆಳಗೆ ಕೆಸರಲ್ಲಿ ಕೂತು ಪಟ್ಟಿ ಬಿಚ್ಚತೊಡಗಿದ. ಒಂದು ಸುತ್ತು, ಎರಡು ಸುತ್ತು.

"ಚಡ್ಡೀನೂ ಬಿಚ್ಚೋ ಲೇ!" ಎಂದು ಯಾರೋ ಕೂಗಿದ. ಜನ ಹೋ ಎಂದರು. ಕೊನೆಯ ಸುತ್ತು ಬಿಚ್ಚಿದಾಗ ಎದುರಿದ್ದವರ ನಗು ನಿಂತಿತು. ಮಂಡಿ ಮಂಡಿಯಾಗಿ ಉಳಿದಿರಲಿಲ್ಲ.

"ಸಾಹೇಬ್ರೆ! ಮಾಲು ಹಿಂಡಿ ನೋಡ್ದೆ ಮಾರ್ತಾರಾ? ಬನ್ನಿ, ಹಿಂಡಿ! ಟೋಪಿ ಸ್ವಾಮೇರು ನೀವೂ ಬನ್ನಿ!"

ಟೋಪಿಯವರಿಬ್ಬರೂ ಎದ್ದು ಹೋದರು.

ಸಂಜೆ ವಿಲ್ಫನ ಹೆಂಡತಿ ಎಡ್ನಾಳ ಪಾತ್ರೆಗಳು ಬೀದಿಯಲ್ಲಿದ್ದವು. ಬಸುರಿ ಹೆಂಗಸು ಒಂದೊಂದನ್ನೇ ಬಗ್ಗಿ ಎತ್ತಿಕೊಂಡಳು. ಬಗ್ಗಲು ವಿಲ್ಫನಿಂದಾಗಲಿಲ್ಲ, ಮುಂದೆಂದೂ ಆಗಲಿಲ್ಲ. ಆ ಮೇ ತಿಂಗಳ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ: ಉಳಿಸಿಕೊಳ್ಳಲಾಗಿದೆ.

ಆದರೆ ಸಾಹೇಬ ಮೇ ತನಕ ಕಾಯುವವನಲ್ಲ. ಆಟವಾದ ಸೋಮವಾರವೇ ಸಂತೆಯಿಂದ ನೇರವಾಗಿ ಬಂದು ನನ್ನೆದುರು ನಿಂತ. ಬೂಟಿಗೆ ಸಗಣಿ ಮೆತ್ತಿತ್ತು.

"ಶನಿವಾರದಿಂದ ವಿಲ್ಫನ ಜಾಗ ನಿಂದು ಕ್ಲೆಮ್. ಚಡ್ಡಿ ಎತ್ತು."

ಎತ್ತಿದೆ. ಸಾಹೇಬ ತೊಡೆ ಹಿಂಡಿದ, ಮಂಡಿಯನ್ನು ಬೆತ್ತದಿಂದ ತಟ್ಟಿದ.

"ಒಳ್ಳೇ ಮಾಲು," ಎಂದ.

"ನಿಮ್ಮ ದಯ, ಸಾಹೇಬ್ರೆ," ಎಂದೆ ನಾನು.